ಎಡ್ವರ್ಡ್‌ಗೆ ವಿಗ್ರಹವಾಕ್ಯ ಇಲ್ಲ

ಪ್ರಶ್ನೆ: ನಾನು ಮೈಸೂರಿನವಳು, ನನ್ನ ಗಂಡ ಇಂಗ್ಲೆಂಡಿನವರು. ಲೀಡ್ಸ್‌ನಲ್ಲಿದ್ದೇವೆ. ಮಗಳು ಹುಟ್ಟಿ ಮೂರು ವಾರವಾಯಿತು. ಕೃತ್ತಿಕಾ ನಕ್ಷತ್ರ, ನಾಲ್ಕನೇ ಪಾದ, 'ಏ' ಅಕ್ಷರ ಬಂದಿದೆ. ಕನ್ನಡದಲ್ಲಿ ಆ ಅಕ್ಷರಕ್ಕೆ ಹೆಸರುಗಳು ಕಡಿಮೆ. ಅತ್ತೆ-ಮಾವನ ಬಾಯಿಗೂ ಸಲೀಸಾಗಲಿ ಅಂತ ಇಂಗ್ಲಿಷ್ ಹೆಸರೇ ಇಡೋಣ ಅಂದುಕೊಂಡೆವು. ನಮ್ಮಮ್ಮನದು ಒಂದೇ ಷರತ್ತು: ಹೆಸರಿಗೆ ಒಳ್ಳೆಯ ಅರ್ಥ ಇರಬೇಕು. ಇಂಟರ್‌ನೆಟ್ಟಿನ ಪಟ್ಟಿಗಳಲ್ಲಿ ಎಮಿಲಿ ಎಂದರೆ ಒಂದು ಕಡೆ 'ಶ್ರಮಜೀವಿ', ಇನ್ನೊಂದು ಕಡೆ 'ಪ್ರತಿಸ್ಪರ್ಧಿ'. ಎಲೆನರ್ 'ಬೆಳಕು'. ಈಡಿತ್ 'ಸಮೃದ್ಧ ಯುದ್ಧ' ಅಂತೆ, ಇದೆಂಥ ಅರ್ಥ! ಗಂಡನ ತಾತನ ಹೆಸರು ಎಡ್ವರ್ಡ್. ಆ ನೆನಪೂ ಹೆಸರಿನಲ್ಲಿ ಉಳಿದರೆ ಮನೆಯವರಿಗೆ ಖುಷಿ. ಯಾವ ಅರ್ಥವನ್ನು ನಂಬುವುದು, ಯಾವ ಹೆಸರು ಇಡುವುದು?

ಉತ್ತರ: 'ಸಮೃದ್ಧ ಯುದ್ಧ' ನೋಡಿ ನಿಮಗೆ ಅನುಮಾನ ಬಂದದ್ದು ಸರಿ. ಪಟ್ಟಿ ಬರೆದವರು ಎರಡು ಪದಗಳ ಅರ್ಥವನ್ನು ತಪ್ಪಿಲ್ಲದೆ ಹುಡುಕಿದ್ದಾರೆ. ಎರಡನ್ನೂ ಅಂಟಿಸಿ ಒಂದು ಮಾತು ಮಾಡಿದ್ದರಲ್ಲಿ ಎಡವಿದ್ದಾರೆ.

ನಮ್ಮ ಹೆಸರುಗಳು ಹೆಚ್ಚಾಗಿ ಸಮಾಸಗಳು. ಚಂದ್ರಶೇಖರ ಎಂದರೆ ಚಂದ್ರನನ್ನು ಶಿರೋಭೂಷಣವಾಗಿ ಉಳ್ಳವನು, ಬಹುವ್ರೀಹಿ. ಬಿಡಿಸಿದರೆ ವಿಗ್ರಹವಾಕ್ಯ, ಅಂದರೆ ಎರಡೂ ಪದಗಳ ನಂಟನ್ನು ಬಿಡಿಸಿ ಹೇಳುವ ಮಾತು, ಸಿಗಲೇಬೇಕು. ಸಿಗದಿದ್ದರೆ ಅದು ಹೆಸರೇ ಅಲ್ಲವೆಂದು ಸಂಸ್ಕೃತದ ಮೇಷ್ಟ್ರು ಹೇಳುತ್ತಾರೆ. ಹಳೆಯ ಇಂಗ್ಲಿಷಿನ ಜೋಡುಪದದ ಹೆಸರುಗಳಿಗೆ ಈ ನಿಯಮ ಇಲ್ಲ. ಎಡ್ವರ್ಡ್, ಎಡ್ಮಂಡ್, ಎಡ್ಗರ್, ಎಡ್ವಿನ್, ಈಡಿತ್ ಈ ಐದಕ್ಕೂ ವಿಗ್ರಹವಾಕ್ಯ ಇಲ್ಲ. ಹೆಸರು ಕಟ್ಟಲು ಬಳಸುತ್ತಿದ್ದ ಕೆಲವು ಮೊದಲ ತುಂಡುಗಳು, ಕೆಲವು ಎರಡನೇ ತುಂಡುಗಳು ಇದ್ದವು. ಅದರಲ್ಲಿ ಒಂದು, ಇದರಲ್ಲಿ ಒಂದು ತೆಗೆದು ಜೋಡಿಸುತ್ತಿದ್ದರು. ತುಂಡುಗಳಿಗೆ ಬಿಡಿಬಿಡಿಯಾಗಿ ಅರ್ಥ ಉಂಟು, ಜೋಡಿಗೆ ಅರ್ಥ ಬರಲೇಬೇಕೆಂಬ ಹಟ ಯಾರಿಗೂ ಇರಲಿಲ್ಲ. ಫ್ರಿತ್‌ವುಲ್ಫ್ ಎಂಬ ಹಳೆಯ ಹೆಸರೊಂದಿದೆ: ಶಾಂತಿ ಮತ್ತು ತೋಳ. 'ಶಾಂತ ತೋಳ'ವೂ ಅಲ್ಲ, 'ತೋಳದ ಶಾಂತಿ'ಯೂ ಅಲ್ಲ.

ನಿಮ್ಮ ಮನೆಯ ಎಡ್ವರ್ಡ್‌ನಿಂದಲೇ ಶುರು ಮಾಡೋಣ. ಹಳೆಯ ರೂಪ ಎಆಡ್‌ವೆಆರ್ಡ್. ಮೊದಲ ತುಂಡು 'ಎಆಡ್': ಸಿರಿ, ಸೌಭಾಗ್ಯ, ಕ್ಷೇಮ ಎಲ್ಲ ಸೇರಿದ ಮಾತು. 'ಶ್ರೀಮಂತ' ಎಂದು ಪಟ್ಟಿಗಳು ಹಾಕುವುದು ಸಾಲದು, ದುಡ್ಡಿನ ಕಡೆಗೆ ವಾಲಿಬಿಡುತ್ತದೆ. ಕನ್ನಡದಲ್ಲಿ ಅದಕ್ಕೆ ಒಪ್ಪುವ ಪದ 'ಶ್ರೀ'. ನಮ್ಮ ಶ್ರೀಧರ, ಶ್ರೀಕಂಠ, ಶ್ರೀವತ್ಸ, ಶ್ರೀಮತಿಗಳಲ್ಲಿ ಶ್ರೀ ಹೇಗೋ, ಅಲ್ಲಿ ಎಆಡ್ ಹಾಗೆ, ಮಂಗಳಕರವಾದ ಆರಂಭ. ನಿಮ್ಮಮ್ಮನಿಗೆ ಹೀಗೆ ಹೇಳಿದರೆ ಒಂದೇ ಸಲಕ್ಕೆ ಹಿಡಿಸುತ್ತದೆ. ಎರಡನೇ ತುಂಡು 'ವೆಆರ್ಡ್' ಎಂದರೆ ಕಾಯುವವನು. ಆಸ್ಪತ್ರೆಯ 'ವಾರ್ಡ್', ಹಾಸ್ಟೆಲಿನ 'ವಾರ್ಡನ್' ಎಲ್ಲವೂ ಆ ಬೇರಿನವೇ. ಎಡ್ಮಂಡ್‌ನಲ್ಲಿ ಶ್ರೀ ಜೊತೆಗೆ ರಕ್ಷೆ, ಎಡ್ವಿನ್‌ನಲ್ಲಿ ಗೆಳೆಯ, ಎಡ್ಗರ್‌ನಲ್ಲಿ ಈಟಿ, ಈಡಿತ್‌ನಲ್ಲಿ ಕಾಳಗ. ಹೆಣ್ಣುಮಗುವಿಗೆ ಕಾಳಗ ಯಾಕೆ ಎನ್ನುವಿರಾದರೆ, ಎರಡನೇ ತುಂಡಿನ ಮೊದಲ ಕೆಲಸ ಗಂಡೋ ಹೆಣ್ಣೋ ಎಂದು ತಿಳಿಸುವುದು. ಕೊನೆಗೆ 'ಗ್ಯೂಥ್', 'ಗಿಫು', 'ಥ್ರ್ಯೂಥ್' ಬಂದರೆ ಹೆಣ್ಣು. 'ವೆಆರ್ಡ್', 'ಮುಂಡ್', 'ಗಾರ್', 'ರೆಡ್' ಬಂದರೆ ಗಂಡು. ನಮ್ಮಲ್ಲಿ ಅಮ್ಮ, ಅಪ್ಪ, ಅಕ್ಕ, ಅಯ್ಯ ಸೇರಿಸುವ ಹಾಗೆ. ಚೆನ್ನಮ್ಮ ಅನ್ನುವಾಗ ಯಾರ ಅಮ್ಮ ಎಂದು ಯಾರೂ ಕೇಳುವುದಿಲ್ಲವಲ್ಲ.

ಅರ್ಥ ಮುಖ್ಯವಲ್ಲದಿದ್ದರೆ ತುಂಡುಗಳನ್ನು ಆರಿಸುತ್ತಿದ್ದುದು ಯಾವ ಲೆಕ್ಕದ ಮೇಲೆ? ಮನೆತನದ ಲೆಕ್ಕದ ಮೇಲೆ. ಇದಕ್ಕೆ ಪಕ್ಕಾ ಉದಾಹರಣೆ ವುಸ್ಟರಿನ ಬಿಷಪ್ ವುಲ್ಫ್‌ಸ್ಟಾನ್, 1095ರಲ್ಲಿ ತೀರಿಕೊಂಡವರು. ತಾಯಿಯ ಹೆಸರು ವುಲ್ಫ್‌ಗಿಫು, ತಂದೆಯದು ಆಥೆಲ್‌ಸ್ಟಾನ್. ತಾಯಿಯಿಂದ 'ವುಲ್ಫ್', ತಂದೆಯಿಂದ 'ಸ್ಟಾನ್', ಮಗ ವುಲ್ಫ್‌ಸ್ಟಾನ್. ನಿಘಂಟು ಹಿಡಿದರೆ 'ತೋಳ-ಕಲ್ಲು'. ಆ ಮಗುವನ್ನು ಎತ್ತಿಕೊಂಡವರಿಗೆ ಕಾಣಿಸುತ್ತಿದ್ದುದು ತೋಳವೂ ಅಲ್ಲ ಕಲ್ಲೂ ಅಲ್ಲ, ಅಪ್ಪ ಅಮ್ಮ ಇಬ್ಬರೂ. ನಾವು ತಾತನ ಹೆಸರನ್ನು ಇಡಿಯಾಗಿ ಮೊಮ್ಮಗನಿಗೆ ಇಡುತ್ತೇವೆ, ಅವರು ಅರ್ಧರ್ಧ ಮುರಿದು ಹಂಚುತ್ತಿದ್ದರು.

ಇಂಗ್ಲಿಷಿನಲ್ಲಿ 'ಇ' ಅಕ್ಷರದ ಹೆಸರುಗಳು ಇಷ್ಟು ತುಂಬಿಕೊಳ್ಳಲು ಒಂದು ರಾಜಮನೆತನದ ಈ ಅಭ್ಯಾಸವೂ ಕಾರಣ. ದಕ್ಷಿಣ ಇಂಗ್ಲೆಂಡಿನ ಹಳೆಯ ರಾಜ್ಯ ವೆಸೆಕ್ಸ್‌ನ ರಾಜ ಎಗ್ಬರ್ಟ್ 802ರಿಂದ 839ರವರೆಗೆ ಆಳಿದ. ಅವನ ಮಗ ಆಥೆಲ್‌ವುಲ್ಫ್. ಮೊಮ್ಮಕ್ಕಳು ಆಥೆಲ್‌ಬಾಲ್ಡ್, ಆಥೆಲ್‌ಬರ್ಟ್, ಆಥೆಲ್‌ರೆಡ್, ಕೊನೆಗೆ ಆಲ್ಫ್ರೆಡ್. ಆಲ್ಫ್ರೆಡನ ಮಗ ಎಡ್ವರ್ಡ್. ಅವನ ಮಕ್ಕಳು ಆಥೆಲ್‌ಸ್ಟಾನ್, ಎಡ್ಮಂಡ್, ಎಡ್ರೆಡ್. ಎಡ್ಮಂಡನ ಮಕ್ಕಳು ಎಡ್ವಿಗ್, ಎಡ್ಗರ್. ಎಡ್ಗರನ ಮಕ್ಕಳು ಎಡ್ವರ್ಡ್, ಆಥೆಲ್‌ರೆಡ್. ಈ ಆಥೆಲ್‌ರೆಡನ ಮಕ್ಕಳಲ್ಲಿ ಎಡ್ಮಂಡ್, ಎಡ್ವರ್ಡ್. ಇನ್ನೂರು ವರ್ಷ, ಎಲ್ಲವೂ ಸ್ವರದಿಂದ ಶುರು. ಅವರ ಕಾವ್ಯದಲ್ಲಿ ಪ್ರಾಸ ಬೀಳುತ್ತಿದ್ದುದು ಪದದ ಮೊದಲ ಧ್ವನಿಯ ಮೇಲೆ (ನಮ್ಮ ಹಳಗನ್ನಡದಲ್ಲಿ ಎರಡನೇ ಅಕ್ಷರ, ನೋಡಿ), ಮತ್ತು ಯಾವ ಸ್ವರಕ್ಕೂ ಯಾವ ಸ್ವರವೂ ಪ್ರಾಸವೇ. ವಂಶಾವಳಿ ಓದಿದರೆ ಪದ್ಯದಂತೆ ಕೇಳಿಸುತ್ತಿತ್ತು. 'ಆಥೆಲ್' ಎಂದರೆ ಕುಲೀನ. ಆ ತುಂಡು ಮುಂದೆ ಸವೆದು 'ಎಥೆಲ್' ಎಂಬ ಹೆಣ್ಣು ಹೆಸರಾಗಿ 19ನೇ ಶತಮಾನದಲ್ಲಿ ಮತ್ತೆ ಚಲಾವಣೆಗೆ ಬಂತು. ಎಗ್ಬರ್ಟ್‌ನಲ್ಲಿ ಕತ್ತಿಯ ಅಲಗು, ಹೊಳಪು.

ಅರ್ಥ ಅವರ ಕಿವಿಗೆ ಬೀಳುತ್ತಲೇ ಇರಲಿಲ್ಲ ಎಂದುಕೊಳ್ಳಬೇಡಿ. ಕೊನೆಯಲ್ಲಿ ಹೇಳಿದ ಆಥೆಲ್‌ರೆಡ್ ರಾಜನ ಹೆಸರಲ್ಲಿ 'ಕುಲೀನ' ಮತ್ತು 'ಆಲೋಚನೆ' ಇವೆ. ಅವನ ಆಳ್ವಿಕೆ ಡೇನರ ದಾಳಿಯಲ್ಲಿ ಹಾಳಾಯಿತು. ಮುಂದೆ ಜನ ಅವನಿಗೆ 'ಉನ್‌ರೆಡ್' ಎಂಬ ಅಡ್ಡಹೆಸರು ಅಂಟಿಸಿದರು, ದುರಾಲೋಚನೆ ಎಂದು. 'ಸದಾಲೋಚನೆಯ ದುರಾಲೋಚನೆ' ಎಂಬ ಕುಹಕ. ಶಾಲೆಯ ಪಠ್ಯಗಳಲ್ಲಿ ಇವನು 'ಅನ್‌ರೆಡಿ', ಅಂದರೆ ಸಿದ್ಧನಾಗಿಲ್ಲದವನು, ಎಂದಾಗಿರುವುದು ಕಿವಿಯ ತಪ್ಪು.

1066ರಲ್ಲಿ ಫ್ರಾನ್ಸಿನ ಉತ್ತರ ತೀರದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಈ ಹೆಸರುಗಳ ಗತಿ ಬದಲಾಯಿತು. ವಿಲಿಯಂ, ರಾಬರ್ಟ್, ರಿಚರ್ಡ್ ಹಳ್ಳಿಯವರೆಗೂ ಇಳಿದವು. ಹಳೆಯ ಇಂಗ್ಲಿಷ್ ಹೆಸರೆಂದರೆ ಗಮಾರರ ಹೆಸರು ಎಂಬಂತಾಯಿತು. 1100ರಲ್ಲಿ ರಾಜ ಒಂದನೇ ಹೆನ್ರಿ ಮದುವೆಯಾದ ಹುಡುಗಿಯ ಹೆಸರು ಈಡಿತ್. ಹಳೆಯ ಇಂಗ್ಲಿಷ್ ರಾಜವಂಶದ ರಕ್ತ ಅವಳದು. ಅರಮನೆಗೆ ಬಂದ ಮೇಲೆ ಮಟಿಲ್ಡಾ ಆದಳು. ಅಷ್ಟಾದರೂ ನಾರ್ಮನ್ ಪ್ರಭುಗಳು ಗಂಡ-ಹೆಂಡತಿಯನ್ನು 'ಗಾಡ್ರಿಕ್, ಗಾಡ್‌ಗಿಫು' ಎಂದು ಹಳ್ಳಿ ಹೆಸರು ಹಿಡಿದು ಆಡಿಕೊಂಡರು. ಸೊಸೆಯ ಹೆಸರು ಬದಲಿಸುವ ಪದ್ಧತಿ ನಮ್ಮ ಕಡೆಯೂ ಹೊಸದೇನಲ್ಲ.

ಎಡ್ವರ್ಡ್ ಉಳಿದದ್ದು ಸಂತನ ಬಲದಿಂದ. 1066ರ ಜನವರಿಯಲ್ಲಿ ತೀರಿಕೊಂಡ ಎಡ್ವರ್ಡ್ ರಾಜನನ್ನು 1161ರಲ್ಲಿ ಸಂತನೆಂದು ಘೋಷಿಸಿದರು. ಮೂರನೇ ಹೆನ್ರಿ ರಾಜನಿಗೆ ಆ ಸಂತನ ಮೇಲೆ ಅಪಾರ ಭಕ್ತಿ. 1239ರಲ್ಲಿ ಹುಟ್ಟಿದ ಹಿರಿಮಗನಿಗೆ ಎಡ್ವರ್ಡ್ ಎಂದೂ 1245ರಲ್ಲಿ ಹುಟ್ಟಿದವನಿಗೆ ಮತ್ತೊಬ್ಬ ಸಂತರಾಜನ ನೆನಪಿಗೆ ಎಡ್ಮಂಡ್ ಎಂದೂ ಇಟ್ಟ. ಆ ಹಿರಿಮಗ ಮುಂದೆ ಒಂದನೇ ಎಡ್ವರ್ಡ್. ಅಲ್ಲಿಂದ ಹೆಸರು ಮತ್ತೆ ಕೆಳಗಿಳಿದಿಲ್ಲ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಪ್ರತಿಮೆಯಾಗಿ ನಿಂತಿರುವ ಏಳನೇ ಎಡ್ವರ್ಡ್‌ವರೆಗೂ ಅದೇ ದಾರಿ.

ಇದೇ ಹೆಸರು ಕನ್ನಡ ನಾಡಿಗೆ ಬ್ರಿಟಿಷರಿಗಿಂತ ಮೊದಲೇ, ಬೇರೆ ವೇಷದಲ್ಲಿ ಬಂದಿತ್ತು. ಮೂರನೇ ಎಡ್ವರ್ಡನ ಮೊಮ್ಮಗಳು ಫಿಲಿಪ್ಪಾ ಪೋರ್ಚುಗಲ್ಲಿಗೆ ರಾಣಿಯಾಗಿ ಹೋದಳು. ಅವಳ ಮಗನಿಗೆ ಮುತ್ತಾತನ ಹೆಸರು ಇಟ್ಟರು. ಪೋರ್ಚುಗೀಸ್ ಬಾಯಲ್ಲಿ ಅದು ದುವಾರ್ತೆ. 1433ರಿಂದ 1438ರವರೆಗೆ ಅವನು ಪೋರ್ಚುಗಲ್ಲಿನ ರಾಜ. 16ನೇ ಶತಮಾನದ ಆರಂಭದಲ್ಲಿ ವಿಜಯನಗರದ ವಿವರ ಬರೆದಿಟ್ಟ ದುವಾರ್ತೆ ಬಾರ್ಬೋಸಾ ನೆನಪಿದ್ದಾನಲ್ಲ? ಅವನೂ ಒಬ್ಬ ಎಡ್ವರ್ಡ್.

ಎಡ್ವರ್ಡ್‌ನ ಮುದ್ದುಹೆಸರು ನೆಡ್. 'ನ' ಎಲ್ಲಿಂದ ಬಂತು? ಹಿಂದೆ 'ನನ್ನ' ಎನ್ನಲು ಸ್ವರದ ಮುಂದೆ 'ಮೈನ್' ಎನ್ನುತ್ತಿದ್ದರು. 'ಮೈನ್ ಎಡ್' ಎಂದು ಮುದ್ದಿಸಿದ್ದನ್ನು ಕೇಳಿದವರು ಸಂಧಿ ಬಿಡಿಸುವಾಗ 'ಮೈ ನೆಡ್' ಎಂದು ಬಿಡಿಸಿಕೊಂಡರು. ಎಲೆನ್ ಎಂಬುದು ನೆಲ್ ಆದದ್ದೂ ಹೀಗೆಯೇ. ಮುದ್ದುಹೆಸರಿಗೆ ಇಂಗ್ಲಿಷಿನಲ್ಲಿ ಇರುವ 'ನಿಕ್‌ನೇಮ್' ಎಂಬ ಪದವೇ 'ಆನ್ ಎಕ್‌ನೇಮ್' ತಪ್ಪಾಗಿ ಒಡೆದು ಹುಟ್ಟಿದ್ದು.

ಈಗ ಪಟ್ಟಿಗಳ ದೊಡ್ಡ ಹಳ್ಳ. 'ಎಲ್' ಎಂದರೆ ಹೀಬ್ರೂವಿನಲ್ಲಿ ದೇವರು ಎಂದು ಯಾರೋ ಒಮ್ಮೆ ಬರೆದರು. ಈಗ 'ಎಲ್' ಇಂದ ಶುರುವಾಗುವ ಸಿಕ್ಕ ಸಿಕ್ಕ ಹೆಸರಿಗೆಲ್ಲ 'ದೇವರ ಬೆಳಕು', 'ದೇವರ ವರ' ಹಚ್ಚುತ್ತಾರೆ. ಎಲಿಜಬೆತ್, ಎಲೈಜಾ, ಎಲೈಷಾಗಳಂಥ ಕೆಲವು ಹೆಸರುಗಳಲ್ಲಿ ಮಾತ್ರ ಅದು ನಿಜ. ಎಲೈಜಾ ಎಂದರೆ 'ನನ್ನ ದೇವರು ಯೆಹೋವ', ಎಲೈಷಾ 'ನನ್ನ ದೇವರೇ ರಕ್ಷಣೆ', ಎಲಿಜಬೆತ್ 'ನನ್ನ ದೇವರೇ ಆಣೆ'. ಈಲೈ ನೋಡಲು ಅದೇ ಗುಂಪಿನದು, ಆದರೆ ಹೀಬ್ರೂವಿನಲ್ಲಿ ಅದರ ಮೊದಲ ಅಕ್ಷರವೇ ಬೇರೆ, ಅರ್ಥ 'ಏರಿಕೆ, ಎತ್ತರ'. ಎಲೆನ್, ಎಲೇನ್ ಇವು ಗ್ರೀಕಿನ ಹೆಲೆನ್ ಹೆಸರಿನ ಮರಿಗಳು. ಎಲ್‌ಫ್ರೀಡಾದ 'ಎಲ್ಫ್' ಕಾಡಿನ ಕಿನ್ನರ. ಎಲ್ಮರ್‌ನ 'ಎಲ್' ಮೇಲೆ ಹೇಳಿದ 'ಆಥೆಲ್' ಸವೆದು ಉಳಿದ ಚೂರು. ಎಲಿಯಟ್, ಎಲಿಸ್ ಎಲೈಜಾದ ಗ್ರೀಕ್ ರೂಪ ಎಲಿಯಾಸ್‌ನಿಂದ ಬಂದವು, ಹಾಗಾಗಿ ಅವಕ್ಕೆ ದೇವರ ಪಾಲು ಸಲ್ಲುತ್ತದೆ. ಎಲ್ಲಾ ಎಂಬ ಪುಟ್ಟ ಹೆಸರು ಜರ್ಮನಿಕ್ ಮೂಲದ್ದು, 'ಎಲ್ಲ, ಸಮಸ್ತ' ಎಂಬರ್ಥದ ತುಂಡಿನಿಂದ ಬಂದದ್ದು. ಕನ್ನಡದ 'ಎಲ್ಲಾ'ಕ್ಕೂ ಅದಕ್ಕೂ ನಂಟಿಲ್ಲ, ಬರೀ ಕಾಕತಾಳೀಯ. ಆದರೆ ಇಂಥ ಕಾಕತಾಳೀಯ ಸಿಕ್ಕರೆ ಬಿಡಬಾರದು.

ಎಲೆನರ್ ವಿಷಯದಲ್ಲಿ ಯಾವ ಪಟ್ಟಿಯನ್ನೂ ನಂಬಬೇಡಿ. 'ಬೆಳಕು' ಎಂಬ ಅರ್ಥ ಬಂದದ್ದು ಅದನ್ನು ಹೆಲೆನ್‌ಗೆ ಗಂಟು ಹಾಕಿದ್ದರಿಂದ. ಆ ಗಂಟಿಗೆ ಆಧಾರ ಇಲ್ಲ. ಹೆಲೆನ್‌ನ ಮೂಲವೇ ಪಂಡಿತರ ಜಗಳ, ಪಂಜು ಎನ್ನುವವರೂ ಚಂದ್ರ ಎನ್ನುವವರೂ ಇದ್ದಾರೆ. ಇನ್ನೊಂದು ಕತೆ, ಅಕ್ವಿಟೇನಿನ ಎಲೆನರ್ ರಾಣಿಯ ತಾಯಿಯ ಹೆಸರು ಆಯ್ನೊರ್, ಅದಕ್ಕೆ ಮಗಳು 'ಆಲಿಯಾ ಆಯ್ನೊರ್', ಇನ್ನೊಬ್ಬ ಆಯ್ನೊರ್, ಎಂದು. ಕೇಳಲು ಚೆಂದ, ಆದರೆ ಅವಳಿಗಿಂತ ಮೊದಲೇ ಆ ಹೆಸರಿನವರು ದಾಖಲೆಗಳಲ್ಲಿ ಸಿಗುತ್ತಾರೆ. ಹಾಗಾದರೆ ಹೆಸರಿಗೆ ಬೆಲೆ ಇಲ್ಲವೇ? ಒಂದನೇ ಎಡ್ವರ್ಡನ ಹೆಂಡತಿ ಕ್ಯಾಸ್ಟೀಲಿನ ಎಲೆನರ್ 1290ರ ನವೆಂಬರಿನಲ್ಲಿ ಲಿಂಕನ್ ಹತ್ತಿರ ತೀರಿಕೊಂಡಾಗ, ಅವಳ ದೇಹವನ್ನು ಲಂಡನ್ನಿಗೆ ತಂದ ದಾರಿಯಲ್ಲಿ ರಾತ್ರಿ ಇಳಿಸಿದ ಕಡೆಯಲ್ಲೆಲ್ಲ ರಾಜ ಒಂದೊಂದು ಕಲ್ಲಿನ ಶಿಲುಬೆಸ್ತಂಭ ನಿಲ್ಲಿಸಿದ. ಒಟ್ಟು ಹನ್ನೆರಡು, ಗೆಡಿಂಗ್ಟನ್, ಹಾರ್ಡಿಂಗ್‌ಸ್ಟೋನ್, ವಾಲ್ಥಮ್‌ಗಳಲ್ಲಿ ಮೂರು ಇಂದಿಗೂ ನಿಂತಿವೆ. ಲಂಡನ್ನಿನ ಚೇರಿಂಗ್ ಕ್ರಾಸ್ ಹೆಸರಿನಲ್ಲಿರುವ ಕ್ರಾಸ್ ಕೂಡ ಅವಳದೇ. ನಿಘಂಟಿನಲ್ಲಿ ಬಡವಾದರೂ ಇತಿಹಾಸದಲ್ಲಿ ತುಂಬಿಕೊಂಡ ಹೆಸರು. ಆದರೆ ನಿಮ್ಮಮ್ಮನ ಷರತ್ತಿಗೆ ಇದು ಪಾಸಾಗುವುದಿಲ್ಲ.

ಬೈಬಲಿನ ಹೆಸರುಗಳಲ್ಲಿ ಕನ್ನಡಿಗರಿಗೆ ಒಂದು ಅನುಕೂಲ ಇದೆ. ಇಂಗ್ಲಿಷಿಗೆ ಆ ಹೆಸರುಗಳು ಗ್ರೀಕ್, ಲ್ಯಾಟಿನ್ ದಾಟಿ ಬರುವಷ್ಟರಲ್ಲಿ ಹೀಬ್ರೂವಿನ ಗಂಟಲಕ್ಷರಗಳು ಉದುರಿ ಹಲವು ಹೆಸರುಗಳ ಮೊದಲಿಗೆ 'ಇ' ಬಂದು ಕುಳಿತಿತು. ಕನ್ನಡ ಬೈಬಲ್ ಹಲವು ಕಡೆ ಹೀಬ್ರೂ ರೂಪವನ್ನು ಉಳಿಸಿಕೊಂಡಿದೆ. ಇಂಗ್ಲಿಷಿನ ಈವ್ ನಮ್ಮಲ್ಲಿ ಹವ್ವ, ಈನಕ್ ನಮ್ಮಲ್ಲಿ ಹನೋಕ, ಎಜೀಕಿಯಲ್ ಯೆಹೆಜ್ಕೇಲ. ಪಕ್ಕದಲ್ಲಿಟ್ಟು ನೋಡಿದರೆ ಮೂಲದಲ್ಲಿ 'ಹ' ಇತ್ತೋ 'ಯ' ಇತ್ತೋ ತಕ್ಷಣ ಗೊತ್ತಾಗುತ್ತದೆ. ಹವ್ವ ಎಂದರೆ ಜೀವ. ಈವ್ ಅನ್ನು 'ಸಂಜೆ' ಎಂದು ಬರೆದ ಪಟ್ಟಿ ಕಂಡರೆ ಅದನ್ನು ಅಲ್ಲಿಗೇ ಮುಚ್ಚಿಬಿಡಿ. ಎಜ್ರಾ 'ನೆರವು', ಈಥನ್ 'ಗಟ್ಟಿ, ಅಚಲ', ಇಮ್ಯಾನುವಲ್ 'ದೇವರು ನಮ್ಮೊಡನೆ'. ಎಸ್ಟರ್ ಸ್ವಲ್ಪ ಬೇರೆ. ಬೈಬಲಿನಲ್ಲಿ ಆಕೆಯ ಯೆಹೂದಿ ಹೆಸರು ಹದಸ್ಸಾ. ಸುಗಂಧದ ಎಲೆಯ ಮರ್ಟಲ್ ಗಿಡದ ಹೆಸರು ಅದು. ಪರ್ಷಿಯಾದ ಅರಮನೆಯಲ್ಲಿ ಎಸ್ತೇರ್. ಹಳೆಯ ಪರ್ಷಿಯನ್ನಿನಲ್ಲಿ 'ನಕ್ಷತ್ರ' ಎಂಬ ಪದದಿಂದ ಎಂಬುದು ಒಂದು ವಿವರಣೆ, ಬ್ಯಾಬಿಲೋನಿನ ಇಷ್ಟಾರ್ ದೇವತೆಯಿಂದ ಎಂಬುದು ಇನ್ನೊಂದು. ಮೊದಲನೆಯದು ಸರಿಯಾದರೆ ನಮ್ಮ ತಾರಾ, ಇಂಗ್ಲಿಷಿನ ಸ್ಟಾರ್, ಎಸ್ಟರ್ ಮೂವರೂ ಅಕ್ಕತಂಗಿಯರು.

ಎಮಿಲಿ ಗೊಂದಲ ಬೇರೆ ಥರದ್ದು. ಎಮಿಲಿ ಬಂದದ್ದು ರೋಮಿನ ಏಮಿಲಿಯಸ್ ಎಂಬ ಮನೆತನದ ಹೆಸರಿನಿಂದ. ಆ ಮನೆತನದ ಹೆಸರನ್ನು 'ಸರಿಗಟ್ಟುವವನು, ಪೈಪೋಟಿಗಾರ' ಎಂಬ ಲ್ಯಾಟಿನ್ ಪದಕ್ಕೆ ಸೇರಿಸುತ್ತಾರೆ. ಅಮೇಲಿಯಾ ಜರ್ಮನಿಕ್, 'ಅಮಲ್' ಎಂಬ ತುಂಡಿನಿಂದ, ಅದರ ಅರ್ಥ ದುಡಿಮೆ. ನೀವು ನೋಡಿದ 'ಶ್ರಮಜೀವಿ' ಅಮೇಲಿಯಾದ ಅರ್ಥ, ಎಮಿಲಿಯ ತಲೆಗೆ ಕಟ್ಟಿದ್ದು. ಇಂಟರ್‌ನೆಟ್ಟಿನವರನ್ನೇ ಬೈಯುವ ಹಾಗೂ ಇಲ್ಲ: ಎರಡನೇ ಜಾರ್ಜ್ ರಾಜನ ಮಗಳು ಅಮೇಲಿಯಾಳನ್ನು ಮನೆಯಲ್ಲಿ ಎಮಿಲಿ ಎಂದೇ ಕರೆಯುತ್ತಿದ್ದರು. ಎಮ್ಮಾ ಇವೆರಡಕ್ಕೂ ಸಂಬಂಧವಿಲ್ಲದ ಮೂರನೆಯದು. 'ಎರ್ಮೆನ್', ಅಂದರೆ ಸಮಗ್ರ, ಎಂಬ ತುಂಡಿನಿಂದ. 1002ರಲ್ಲಿ ಮೇಲೆ ಹೇಳಿದ ದುರಾಲೋಚನೆಯ ಆಥೆಲ್‌ರೆಡನನ್ನು ಮದುವೆಯಾಗಿ ನಾರ್ಮಂಡಿಯಿಂದ ಬಂದ ಎಮ್ಮಾ ಈ ಹೆಸರನ್ನು ಇಂಗ್ಲೆಂಡಿಗೆ ತಂದಳು. ಅಲ್ಲಿಯವರು ಅವಳಿಗೆ ಆಲ್ಫ್‌ಗಿಫು ಎಂಬ ಇಂಗ್ಲಿಷ್ ಹೆಸರಿಟ್ಟರು. ಇವತ್ತು ಆಲ್ಫ್‌ಗಿಫು ಯಾರಿಗೂ ಬೇಡ, ಎಮ್ಮಾ ಬೀದಿಗೊಬ್ಬಳು. ಅಮೆರಿಕದಲ್ಲಂತೂ 1996ರಿಂದ 2007ರವರೆಗೆ ಹೆಣ್ಣುಮಕ್ಕಳ ಹೆಸರುಗಳಲ್ಲಿ ಎಮಿಲಿ ಮೊದಲನೆಯದು. 2008ರಲ್ಲಿ, ಮತ್ತೆ 2014ರಿಂದ 2018ರವರೆಗೆ ಎಮ್ಮಾ.

'ಯೂ' ಎಂದು ಉಚ್ಚರಿಸುವ ಹೆಸರುಗಳನ್ನೂ ಇಂಗ್ಲಿಷಿನಲ್ಲಿ 'ಇ' ಅಕ್ಷರದಿಂದಲೇ ಬರೆಯುತ್ತಾರೆ. ಗ್ರೀಕಿನ 'ಎಉ' ಸಂಸ್ಕೃತದ 'ಸು' ಉಪಸರ್ಗದ ದಾಯಾದಿ. ಯೂಜೀನಿಯಾ ಎಂದರೆ ಒಳ್ಳೆಯ ಕುಲದಲ್ಲಿ ಹುಟ್ಟಿದವಳು. 'ಎಉ' ನಮ್ಮ 'ಸು', 'ಗೆನ್' ನಮ್ಮ 'ಜನ್', ಒಟ್ಟಿನಲ್ಲಿ ಅಕ್ಷರಶಃ ಸುಜಾತಾ. ಯೂನಿಸ್‌ನಲ್ಲಿ ಸು ಜೊತೆಗೆ ಜಯ. ಯೂಫೀಮಿಯಾ ನಮ್ಮ ಸುಭಾಷಿಣಿ. ಇಂಥವಕ್ಕೆ ವಿಗ್ರಹವಾಕ್ಯ ಸಲೀಸಾಗಿ ಸಿಗುತ್ತದೆ. ಗ್ರೀಕರು ಆ ವಿಷಯದಲ್ಲಿ ನಮ್ಮವರೇ. ಎವಲಿನ್ ನಾರ್ಮನ್ನರ ಆವಲೀನ್ ಎಂಬ ಹೆಸರಿನಿಂದ ಬಂದ ಮನೆತನದ ಹೆಸರು, ಮೊದಲು ಗಂಡಸರಿಗೂ ಇಡುತ್ತಿದ್ದರು. ಈವ್ ಮತ್ತು ಲಿನ್ ಸೇರಿ ಆದದ್ದಲ್ಲ. ಎರಿಕ್ ನಾರ್ಸ್ ಭಾಷೆಯದು, ಕೊನೆಯ ತುಂಡು 'ಒಡೆಯ'. ಅರ್ನೆಸ್ಟ್ ಜರ್ಮನಿಯಿಂದ ಹ್ಯಾನೋವರ್ ರಾಜರ ಜೊತೆ ಬಂತು, ಗಾಂಭೀರ್ಯ ಎಂದರ್ಥ.

ಇನ್ನು ನಿಮ್ಮ 'ಏ' ಅಕ್ಷರ. ಕೃತ್ತಿಕೆಯ ನಾಲ್ಕು ಪಾದಗಳಿಗೆ ಪಂಚಾಂಗ ಕೊಡುವುದು ಅ, ಈ, ಉ, ಏ. ಎ-ಏ ಒಂದೇ ಎಂದು ಹಿಡಿಯುವುದು ವಾಡಿಕೆ. ಅಲ್ಲಿ ಲೆಕ್ಕ ಧ್ವನಿಯದು, ಇಂಗ್ಲಿಷ್ ಸ್ಪೆಲಿಂಗಿನದಲ್ಲ. ಇಂಗ್ಲಿಷಿನ 'ಇ' ಒಂದೇ ಆದರೂ ಬಾಯಲ್ಲಿ ಅದು ಐದಾಗುತ್ತದೆ. ಎಮಿಲಿ, ಎಲೆನರ್, ಎಸ್ಟರ್, ಎಡ್ವೀನಾ, ಎಲ್ಲಾ ನಿಜವಾಗಿ 'ಎ'. ಈವ್, ಈಡಿತ್, ಈನಿಡ್ 'ಈ'. ಅವು ಎರಡನೇ ಪಾದದ ಪಾಲು. ಎಲಿಜಬೆತ್ ನಾವು ಹೇಳುವಾಗ 'ಎ', ನಿಮ್ಮ ಅತ್ತೆ ಹೇಳುವಾಗ 'ಇ'. ಯೂನಿಸ್ ಯಕಾರಕ್ಕೆ ಹೋಯಿತು, ಅರ್ನೆಸ್ಟ್ ಅಕಾರಕ್ಕೆ. ಹಾಗಾಗಿ ಹೆಸರನ್ನು ಬರೆದು ನೋಡುವ ಮೊದಲು ಗಂಡನ ಬಾಯಲ್ಲಿ ಒಮ್ಮೆ ಹೇಳಿಸಿ, ಆಮೇಲೆ ಫೋನಿನಲ್ಲಿ ನಿಮ್ಮಮ್ಮನ ಬಾಯಲ್ಲಿ ಹೇಳಿಸಿ.

ಮೈಸೂರಿನ ಕಡೆಯ ತೊಡಕುಗಳನ್ನೂ ಈಗಲೇ ಯೋಚಿಸಿ. ಪದದ ಮೊದಲಿನ 'ಎ' ನಮ್ಮ ಬಾಯಲ್ಲಿ 'ಯೆ' ಆಗುತ್ತದೆ. ಎಮಿಲಿ ಯೆಮಿಲಿಯಾಗುವುದು ಖಚಿತ, ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ. ಎಮ್ಮಾ ಮಾತ್ರ ಬೇಡ. ರಜಕ್ಕೆ ಬಂದ ಮಗುವನ್ನು ಬೀದಿಯ ಮಕ್ಕಳು ಮೊದಲ ದಿನವೇ ಎಮ್ಮೆ ಮಾಡಿಬಿಡುತ್ತಾರೆ. ಎಲ್ಲಿ ಎಂದು ಮೊಟಕಾಗಿ ಕರೆದರೆ 'ಎಲ್ಲಿ? ಇಲ್ಲಿ!' ಎಂಬ ತಮಾಷೆ ನಿಲ್ಲುವುದಿಲ್ಲ, ಆದರೆ ಅದರಲ್ಲಿ ನೋವಿಲ್ಲ. ಎಡ್ಡಿ ಮಂಗಳೂರಿನ ಕಡೆಯ ನೆಂಟರಿಗೆ ಇಷ್ಟವಾದೀತು, ತುಳುವಿನಲ್ಲಿ 'ಎಡ್ಡೆ' ಎಂದರೆ ಒಳ್ಳೆಯದು.

ನನ್ನ ಆಯ್ಕೆ ಕೇಳಿದರೆ, ಎರಡು ದಾರಿ. 'ಏ' ಅಕ್ಷರ ಬಿಡುವ ಹಾಗೇ ಇಲ್ಲ ಎಂದಾದರೆ ಎಡ್ವೀನಾ. ಎಡ್ವಿನ್‌ನ ಹೆಣ್ಣು ರೂಪ. ಶ್ರೀ ಮತ್ತು ಗೆಳೆತನ, ಯಾವ ಅಜ್ಜಿಯೂ ಬೇಡವೆನ್ನದ ತುಂಡುಗಳು. ತಾತನ 'ಎಡ್' ಇಡಿಯಾಗಿ ಉಳಿಯುತ್ತದೆ. ಎಡ್ವರ್ಡ್‌ನ ನೆನಪಿಗೆ ಈ ಹೆಸರು ಇಡುವುದು ನನ್ನ ಕಲ್ಪನೆಯೂ ಅಲ್ಲ. 1901ರಲ್ಲಿ ಹುಟ್ಟಿದ, ಮುಂದೆ ಲೇಡಿ ಮೌಂಟ್‌ಬ್ಯಾಟನ್ ಆದ ಎಡ್ವೀನಾಗೆ ಆ ಹೆಸರು ಬಂದದ್ದು ಅವಳ ಗಾಡ್‌ಫಾದರ್ ಏಳನೇ ಎಡ್ವರ್ಡ್ ದೆಸೆಯಿಂದ. ಕೊರತೆ ಒಂದೇ, ಇವತ್ತಿನ ಇಂಗ್ಲೆಂಡಿನಲ್ಲಿ ಅದು ಹಳೇ ಕಾಲದ್ದು ಎನಿಸುತ್ತದೆ.

ನಕ್ಷತ್ರನಾಮ ಬೇರೆ, ಕರೆಯುವ ಹೆಸರು ಬೇರೆ ಎಂಬ ನಮ್ಮ ಹಳೆಯ ಪದ್ಧತಿಗೆ ಮನೆಯವರು ಒಪ್ಪಿದರೆ, ಈಡಿತ್ ಇಡಿ. ಇಂಗ್ಲೆಂಡಿನಲ್ಲಿ ಅದು ಮತ್ತೆ ಕೇಳಿಬರುತ್ತಿದೆ, ಈಡೀ ಎಂಬ ಮುದ್ದುಹೆಸರು ಎರಡೂ ಮನೆಯವರ ಬಾಯಿಗೂ ಹತ್ತುತ್ತದೆ. ಎಡ್ವರ್ಡ್ ತಾತನಿಂದ ಮೊದಲ ತುಂಡು ತೆಗೆದು ಹೆಣ್ಣಿನ ತುಂಡು ಸೇರಿಸಿದರೆ ಸಿಗುವುದು ಅದೇ. ಸಾವಿರದ ನೂರು ವರ್ಷದ ಹಿಂದೆ ವೆಸೆಕ್ಸ್‌ನ ಮನೆಯಲ್ಲಿ ಹೀಗೆಯೇ ಮಾಡುತ್ತಿದ್ದರು. ಕಾಳಗದ ಅರ್ಧವನ್ನು ಅಮ್ಮನಿಗೆ ಹೇಳುವಾಗ ಚಾಮುಂಡಿ ಬೆಟ್ಟದ ಕೆಳಗೆ ಹುಟ್ಟಿ ಬೆಳೆದವರಿಗೆ ಅದರಲ್ಲಿ ಅಳುಕೇಕೆ ಎಂದು ಕೇಳಿ ನೋಡಿ. 'ಏ' ಅಕ್ಷರಕ್ಕೆ ಎರಡನೇ ಹೆಸರಾಗಿ ಎಸ್ಟರ್ ಆದೀತು, ಏಕತಾ ಆದೀತು. ಜನಪ್ರಿಯತೆ ನೋಡಬೇಕಾದರೆ ಬ್ರಿಟನ್ನಿನ ರಾಷ್ಟ್ರೀಯ ಅಂಕಿಅಂಶ ಕಚೇರಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ವರ್ಷದಲ್ಲಿ ಕನಿಷ್ಠ 3 ಮಕ್ಕಳಿಗೆ ಇಟ್ಟ ಹೆಸರುಗಳನ್ನೆಲ್ಲ ಎಣಿಕೆ ಸಮೇತ ಪ್ರಕಟಿಸುತ್ತದೆ. ಸ್ಪೆಲಿಂಗ್ ಬದಲಾದರೆ ಅಲ್ಲಿ ಬೇರೆ ಹೆಸರೆಂದೇ ಲೆಕ್ಕ, ಎಲೆನರ್‌ನ ಎರಡು ಮೂರು ಕಾಗುಣಿತಗಳನ್ನು ಕೂಡಿಸಿ ನೋಡಬೇಕು.

ಸ್ಪೆಲಿಂಗ್ ಒಂದನ್ನೇ ಹಿಡಿಯಿರಿ. ಎಲಿಜಬೆತ್‌ಗೆ 'ಜೆಡ್' ಇರುವ, 'ಎಸ್' ಇರುವ ಎರಡು ರೂಪವೂ ಚಾಲ್ತಿಯಲ್ಲಿವೆ. ರಾಣಿಯದು ಜೆಡ್, 1611ರ ಇಂಗ್ಲಿಷ್ ಬೈಬಲಿನಲ್ಲಿ ಎಸ್. ಅಕ್ಷರದ ಮೇಲೆ ಗೆರೆ ಇರುವ ಫ್ರೆಂಚ್ ಶೈಲಿಯ ಹೆಸರುಗಳನ್ನು ಆರಿಸಿದರೆ ಪಾಸ್‌ಪೋರ್ಟಿನ ಕೆಳಗಿನ ಯಂತ್ರ ಓದುವ ಸಾಲಿನಲ್ಲಿ ಆ ಗೆರೆ ಬರುವುದಿಲ್ಲ. ಮುಂದೆ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿಗೆ ಅರ್ಜಿ ಹಾಕುವಾಗ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ, ಎರಡನೇ ಹೆಸರು ಸಮೇತ, ತುಂಬಬೇಕು.

ಇಂಗ್ಲೆಂಡಿನಲ್ಲಿ ಜನನ ನೋಂದಣಿಗೆ 42 ದಿನ ಗಡುವು. ನಿಮ್ಮ ಮಗುವಿಗೆ ಮೂರು ವಾರವಾಗಿದೆ, ಇನ್ನೂ ಮೂರು ವಾರ ಇದೆ. ರಿಜಿಸ್ಟ್ರಾರ್ ಕಚೇರಿಯ ಅಪಾಯಿಂಟ್‌ಮೆಂಟ್ ಈಗಲೇ ತೆಗೆದಿಡಿ, ಹೆಸರು ಅಷ್ಟರೊಳಗೆ ನಿರ್ಧಾರವಾದರೆ ಸಾಕು. ಬರೆಸಿದ ಮೇಲೆ ಮನಸ್ಸು ಬದಲಾದರೆ, ನೋಂದಣಿಯಾದ 12 ತಿಂಗಳೊಳಗೆ ಇಟ್ಟ ಬೇರೆ ಹೆಸರನ್ನು ಜನನ ದಾಖಲೆಗೆ ಸೇರಿಸಲು ಒಂದು ಸಲ ಅವಕಾಶ ಉಂಟು. ರಿಜಿಸ್ಟ್ರಾರ್ ಮುಂದೆ ಕೂತಾಗ ಅವರು ಬರೆದದ್ದನ್ನು ಸಹಿಗೆ ಮೊದಲು ಓದಲು ಕೊಡುತ್ತಾರೆ. ಒಂದೊಂದೇ ಅಕ್ಷರ ಬೆರಳಿಟ್ಟು ನೋಡಿ, ಆಮೇಲೆ ಸಹಿ ಹಾಕಿ.